ಮಧ್ಯಸ್ಥನೂ ಸುಗಮಕಾರನೂ

‘ಸುಗಮಕಾರ’ ಎಂಬ ಶಬ್ದವು ಈಚಿನ ವರ್ಷಗಳಲ್ಲಿ ವಿದ್ಯಾ ಇಲಾಖೆಯ ಸುತ್ತೋಲೆಗಳಲ್ಲಿಯೂ, ತರಬೇತಿಯ ಕೈಪಿಡಿಗಳಲ್ಲಿಯೂ, ಸಂಘಸಂಸ್ಥೆಗಳ ಆಮಂತ್ರಣಪತ್ರಿಕೆಗಳಲ್ಲಿಯೂ ಧಾರಾಳವಾಗಿ ಕಾಣಬರುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಹಿಂದೆ ‘ಉಪನ್ಯಾಸಕರು’ ಎಂದಿದ್ದೆಡೆಯಲ್ಲಿ ಈಗ ‘ಸುಗಮಕಾರರು’ ಎಂದಿರುತ್ತದೆ. ಕೆಲವೆಡೆ ಹೆಸರು ಮಾತ್ರ ಬದಲಾಗಿ, ಉಪನ್ಯಾಸವು ಹಿಂದಿನಂತೆಯೇ ಎರಡು ಗಂಟೆಗಳ ಕಾಲ ಸಾಗುತ್ತದೆ. ವ್ಯಾಕರಣವನ್ನು ಓದಿದವನಿಗೆ ಹೊಸ ಶಬ್ದವೊಂದು ಸಿಕ್ಕಿದರೆ ಅದನ್ನು ಬಿಡಿಸಿ ನೋಡದೆ ನಿದ್ರೆ ಬಾರದು. ಕುಂಭವನ್ನು ಮಾಡುವವನು ಕುಂಭಕಾರ, ಸುವರ್ಣದ ಕೆಲಸ ಮಾಡುವವನು ಸುವರ್ಣಕಾರ. ಹಾಗಾದರೆ ಈ ಸುಗಮಕಾರನು ಮಾಡತಕ್ಕದ್ದೇನು? ಅವನ ಕೈಯಲ್ಲಿ ಮಣ್ಣೂ ಇಲ್ಲ, ಚಿನ್ನವೂ ಇಲ್ಲ. ಇತರರು ನಡೆಯಬೇಕಾದ ದಾರಿಯಲ್ಲಿನ ಕಲ್ಲುಮುಳ್ಳುಗಳನ್ನು ತೆಗೆದು ಪಕ್ಕಕ್ಕೆ ನಿಲ್ಲುವುದಷ್ಟೇ ಅವನ ಕಸಬು. ಸುಗಮಕ್ಕೆ ವಿರುದ್ಧವಾದದ್ದು ದುರ್ಗಮ, ದುರ್ಗವೆಂದರೆ ಕೋಟೆ. ಈ ಶಬ್ದವು ಅರ್ಥಸಹಿತವಾಗಿ ನನ್ನಲ್ಲಿಗೆ ಬಂದದ್ದು ಹೆಗ್ಗಡದೇವನಕೋಟೆಯ ಕಡೆಯಿಂದ ಎಂಬುದು ಒಂದು ವಿನೋದವೇ ಸರಿ.

ನಮ್ಮ ಪೂರ್ವಿಕರು ವಿದ್ಯೆಯನ್ನು ನಾಲ್ಕು ಪಾದಗಳಾಗಿ ವಿಭಾಗಿಸಿ, ಒಂದು ಪಾದವು ಆಚಾರ್ಯನಿಂದಲೂ, ಒಂದು ಶಿಷ್ಯನ ಸ್ವಂತ ಮೇಧೆಯಿಂದಲೂ, ಒಂದು ಜೊತೆಯಲ್ಲಿ ಓದುವವರಿಂದಲೂ, ಉಳಿದದ್ದು ಕಾಲಕ್ರಮದಿಂದಲೂ ಲಭಿಸುತ್ತದೆ ಎಂದು ಹೇಳಿರುವುದನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಮೂರನೆಯ ಪಾದದ ರುಚಿಯನ್ನು ನಾವು ಚೆನ್ನಾಗಿ ಕಂಡವರು. ಮಧ್ಯಾಹ್ನ ಗುರುಗಳು ಹೇಳಿದಾಗ ನಿಸ್ಸಂಶಯವಾಗಿ ಅರ್ಥವಾದಂತೆ ತೋರಿದ ತರ್ಕಸಂಗ್ರಹದ ಒಂದು ಲಕ್ಷಣವಾಕ್ಯವು, ಸಂಜೆ ಚಿಂತನೆಗೆ ಕುಳಿತಾಗ ಸಹಪಾಠಿಯು “ಇದಕ್ಕೆ ಅತಿವ್ಯಾಪ್ತಿ ಎಲ್ಲಿ ಬರುತ್ತೆ, ಹೇಳು ನೋಡೋಣ” ಎಂದೊಡನೆ ಕೈಜಾರಿ ಹೋಗುತ್ತಿತ್ತು. ಮತ್ತೆ ಅದನ್ನು ಹಿಡಿದು ತರುವುದರೊಳಗೆ ದೀಪದ ಎಣ್ಣೆ ತೀರುತ್ತಿತ್ತು. ಆದರೆ ಹಾಗೆ ಹಿಡಿದು ತಂದದ್ದು ಇಂದಿಗೂ ಹೋಗಿಲ್ಲ.

ಇಂಥವನು ಸರ್ಕಾರಿ ಶಾಲೆಯ ಮೇಷ್ಟರಾಗಿ ಹಳ್ಳಿಗೆ ಬಂದೊಡನೆ ಆ ಮೂರನೆಯ ಪಾದವು ಮುರಿದುಹೋಗುತ್ತದೆ. ನಮ್ಮ ವೃತ್ತಿಯಲ್ಲಿ ಒಂದು ವಿಚಿತ್ರವಾದ ಏಕಾಂತವಿದೆ. ಹತ್ತಾರು ಮಕ್ಕಳ ಮಧ್ಯೆ ದಿನವಿಡೀ ಮಾತನಾಡುತ್ತಿದ್ದರೂ, ತನ್ನ ಕೆಲಸವನ್ನು ತಿಳಿದ ಇನ್ನೊಬ್ಬನ ಕಣ್ಣು ಅದರ ಮೇಲೆ ಬೀಳುವುದಿಲ್ಲ. ಬಿದ್ದರೆ ಅದು ತನಿಖೆಗೆ ಬಂದ ಅಧಿಕಾರಿಯ ಕಣ್ಣು. ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಹೊಗೆಸೊಪ್ಪಿನ ರೈತನ ಪಾಡು ಹೀಗಲ್ಲ. ಆ ಬೆಳೆಯ ಗುಣದೋಷಗಳ ವಿಚಾರ ಹಾಗಿರಲಿ. ಸೊಪ್ಪನ್ನು ಬ್ಯಾರನ್ನಿನಲ್ಲಿ ತೂಗುಹಾಕಿ ಐದಾರು ದಿವಸ ಹದಮಾಡುವಾಗ ಅವನು ಒಬ್ಬಂಟಿಯಾಗಿರುವುದಿಲ್ಲ. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ ಹೆಚ್ಚಿನ ಕಾವಿನಲ್ಲಿ ನಡುವಣ ದಂಟು ಒಣಗಬೇಕು. ಅವಸರಪಟ್ಟು ಕಾವೇರಿಸಿದರೆ ಹಸಿರು ಹಾಗೆಯೇ ನಿಂತುಬಿಡುತ್ತದೆ. ತಡಮಾಡಿದರೆ ಎಲೆ ಕಂದುತ್ತದೆ. ಪಕ್ಕದ ಹೊಲದವನು ಬಂದು ಬಾಗಿಲು ಸಂದುಮಾಡಿ ನೋಡಿ, ಮೂಸಿ, “ಇನ್ನೂ ಹಸ್ರು ಐತೆ ಕಣಣ್ಣ, ಈಗ್ಲೇ ಕಾವು ಏರಿಸ್ಬ್ಯಾಡ” ಎನ್ನುತ್ತಾನೆ. ನಾಳೆ ಇವನು ಅವನ ಬ್ಯಾರನ್ನಿಗೆ ಹೋಗುತ್ತಾನೆ. ಕಟ್ಟೆಮಳಲವಾಡಿಯ ಹರಾಜಿನ ಕಟ್ಟೆಯಲ್ಲಿ ಇಬ್ಬರ ಸೊಪ್ಪೂ ಅಕ್ಕಪಕ್ಕದಲ್ಲಿ ಇರುವುದರಿಂದ, ಯಾರ ಮಾತು ಸರಿಹೋಯಿತೆಂಬುದೂ ಬಯಲಾಗುತ್ತದೆ. ಮೇಷ್ಟರ ಬ್ಯಾರನ್ನಿನ ಬಾಗಿಲನ್ನು ಯಾರು ತೆರೆದು ನೋಡಬೇಕು?

ಕೋಟೆಯ ತಾಲ್ಲೂಕಿನಲ್ಲಿ ಆ ಬಾಗಿಲು ತೆರೆದದ್ದು ೧೯೯೫ರಲ್ಲಿ. ಒಂದು ಕಡೆ ಕಾಕನಕೋಟೆಯ ಕಾಡು, ಒಂದು ಕಡೆ ಕಬಿನಿಯ ಹಿನ್ನೀರು, ನಡುನಡುವೆ ಜೇನುಕುರುಬರ, ಕಾಡುಕುರುಬರ ಹಾಡಿಗಳು; ಒಬ್ಬರೋ ಇಬ್ಬರೋ ಉಪಾಧ್ಯಾಯರು ನಾಲ್ಕು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಪಾಠಹೇಳಬೇಕಾದ ಶಾಲೆಗಳು. ಯುನಿಸೆಫ್ ಸಂಸ್ಥೆಯ ನೆರವಿನಿಂದ ಈ ತಾಲ್ಲೂಕಿನ ಉಪಾಧ್ಯಾಯರ ಒಂದು ತಂಡವು ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮಶಿಕ್ಷಣ ಕೇಂದ್ರದವರು ಸುತ್ತಣ ಹಳ್ಳಿಗಳಲ್ಲಿ ನಡೆಸುತ್ತಿದ್ದ ಶಾಲೆಗಳನ್ನು ನೋಡಿತು. ಅಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳು. ತರಗತಿಯ ಬದಲು ಒಂದು ಏಣಿ. ಪ್ರತಿಯೊಂದು ಮಗುವೂ ತನ್ನ ವೇಗಕ್ಕೆ ತಕ್ಕಂತೆ ಒಂದೊಂದು ಮೆಟ್ಟಿಲನ್ನು ಹತ್ತುತ್ತದೆ. ಹಿಂತಿರುಗಿದ ಮೇಷ್ಟರುಗಳು ಅದನ್ನು ಹಾಗೆಯೇ ನಕಲುಮಾಡಲಿಲ್ಲ. ಒಟ್ಟಾಗಿ ಕುಳಿತು, ಕನ್ನಡಕ್ಕೂ ತಮ್ಮ ಮಕ್ಕಳಿಗೂ ತಕ್ಕ ಕಾರ್ಡುಗಳನ್ನು ತಾವೇ ಬರೆದರು. ಶಾಲೆಯಲ್ಲಿ ಪ್ರಯೋಗಿಸಿ ನೋಡಿ ಮತ್ತೆ ಸೇರಿ ತಿದ್ದಿದರು. ಅದೇ ‘ನಲಿ-ಕಲಿ’. ಇದನ್ನು ಮಕ್ಕಳ ಶಿಕ್ಷಣದ ಒಂದು ಕ್ರಮವೆಂದು ಎಲ್ಲರೂ ಬಣ್ಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅದಕ್ಕೂ ಮೊದಲು ಉಪಾಧ್ಯಾಯರ ಶಿಕ್ಷಣದ ಕ್ರಮವಾಗಿತ್ತು. ಕೆಲಸಮಾಡುವವರು ತಮ್ಮ ಕೆಲಸವನ್ನು ತಾವೇ ನಡುವೆ ಇಟ್ಟುಕೊಂಡು, ಸುತ್ತಲೂ ಕುಳಿತು ಕಲಿತದ್ದು.

ಆ ಕೊಠಡಿಯ ವ್ಯವಸ್ಥೆಯನ್ನು ನೋಡಿದಾಗ ನನಗೆ ಆಶ್ಚರ್ಯವಾದ ಸಂಗತಿ ಇನ್ನೊಂದು. ಮಕ್ಕಳು ದುಂಡಗೆ ಗುಂಪುಗುಂಪಾಗಿ ಕುಳಿತಿರುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಮತ್ತೊಂದಕ್ಕೆ ಸಹಪಾಠಿಗಳ ಸಹಾಯ, ಕಡೆಯದಕ್ಕೆ ಸ್ವಂತ ಪ್ರಯತ್ನವೇ ಗತಿ. ಏಣಿಯ ಮೇಲೆ ಯಾರಿಗೂ ಅವಸರವಿಲ್ಲ. ಆಚಾರ್ಯ, ಮೇಧೆ, ಸಬ್ರಹ್ಮಚಾರಿ, ಕಾಲ, ಈ ನಾಲ್ಕೂ ಒಂದೇ ಕೊಠಡಿಯ ನೆಲದ ಮೇಲೆ ಕುಳಿತಿದ್ದವು! ಇದನ್ನು ರಚಿಸಿದವರಲ್ಲಿ ಯಾರಿಗಾದರೂ ಆ ಹಳೆಯ ಶ್ಲೋಕವು ನೆನಪಿಗೆ ಬಂದಿತ್ತೋ ಇಲ್ಲವೋ, ಅದು ಮುಖ್ಯವಲ್ಲ.

೨೦೦೯-೧೦ರಲ್ಲಿ ಈ ಕ್ರಮವು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ವಿಸ್ತರಿಸಿತು. ನಾನು ಆಗ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ನಮ್ಮ ಸುತ್ತಿನ ಶಾಲೆಗಳ ಉಪಾಧ್ಯಾಯರು ತಿಂಗಳಿಗೊಮ್ಮೆ ಸೇರುವ ಸಮಾಲೋಚನಾ ಸಭೆಯನ್ನು ಆ ವರ್ಷ ನಡೆಸಿಕೊಟ್ಟವರು ಕೋಟೆಯ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಉಪಾಧ್ಯಾಯಿನಿ. ಅವರು ಬಂದು ಮಾಡಿದ ಮೊದಲ ಕೆಲಸವೆಂದರೆ ಮುಂದಿನ ಮೇಜನ್ನು ಗೋಡೆಗೆ ಸರಿಸಿ, ಜಮಖಾನವನ್ನು ಹಾಸಿ, ತಾವೂ ನೆಲದ ಮೇಲೆ ಕುಳಿತದ್ದು. ಕೆಲವು ಹಿರಿಯ ಮುಖ್ಯೋಪಾಧ್ಯಾಯರಿಗೆ ಮಂಡಿ ನೋಯಿತು. ಗೌರವವೂ ಸ್ವಲ್ಪ ನೊಂದಿತೆಂದು ಕಾಣುತ್ತದೆ.

ಆ ಸಭೆಯಲ್ಲಿ ನಾನು ಎತ್ತಿದ ಆಕ್ಷೇಪಣೆಯನ್ನು ಇಲ್ಲಿ ವಿವರಿಸಬೇಕು. ನಲಿ-ಕಲಿಯಲ್ಲಿ ಅಕ್ಷರಗಳು ಅ ಆ ಇ ಈ ಎಂದು ಬರುವುದಿಲ್ಲ. ಮೊದಲ ಗುಂಪಿನಲ್ಲಿ ರ, ಗ, ಸ, ದ, ಅ. ಎರಡನೆಯದರಲ್ಲಿ ಜ, ವ, ಮ, ಬ, ನ. ಕಂಠದಿಂದ ಹಿಡಿದು ತುಟಿಯವರೆಗೆ ಧ್ವನಿಯು ಹುಟ್ಟುವ ಸ್ಥಾನಗಳನ್ನು ಕ್ರಮವಾಗಿ ಅನುಸರಿಸಿ ನಮ್ಮವರು ಕಟ್ಟಿದ ವರ್ಣಮಾಲೆಯು ಜಗತ್ತಿನ ಲಿಪಿಗಳಲ್ಲಿಯೇ ಅಪೂರ್ವವಾದುದು. ಅದನ್ನು ಹರಿದು ಮಣಿಗಳನ್ನು ಚೆಲ್ಲುವುದೇತಕ್ಕೆ? ನಾನು ಇದನ್ನು ಸ್ವಲ್ಪ ಖಾರವಾಗಿಯೇ ಕೇಳಿದೆ. ಹಿಂದಿನ ತರಬೇತಿಗಳಲ್ಲಾದರೆ ಇಂಥ ಪ್ರಶ್ನೆಗೆ “ಅದು ಮೇಲಿನ ತೀರ್ಮಾನ, ಸರ್” ಎಂಬ ಉತ್ತರ ಬರುತ್ತಿತ್ತು. ಈಕೆ ಉತ್ತರ ಹೇಳಲಿಲ್ಲ. ಹಲಗೆಯ ಮೇಲೆ ನನ್ನ ಮಾತನ್ನು ನನ್ನ ಶಬ್ದಗಳಲ್ಲಿಯೇ ಬರೆದು, ಹಿಂತಿರುಗಿ, “ಮೇಷ್ಟ್ರೇ, ನನಗೆ ಸಂಸ್ಕೃತ ಬರೋದಿಲ್ಲ. ಅಲ್ಲಿ ಅಕ್ಷರಗಳಿಗೆ ಇದೊಂದೇ ಕ್ರಮವಾ, ಬೇರೆ ಏನಾದರೂ ಇದೆಯಾ?” ಎಂದು ಕೇಳಿ ಸುಮ್ಮನೆ ಕುಳಿತರು.

ಕೇಳಿದ ಮೇಲೆ ಹೇಳದಿರುವುದು ಹೇಗೆ? ಪಾಣಿನಿಯ ವ್ಯಾಕರಣಕ್ಕೆ ಮೂಲವಾದ ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಅಕ್ಷರಗಳ ಅನುಕ್ರಮವೇ ಬೇರೆ; ವ್ಯಂಜನಗಳಲ್ಲಿ ಹಕಾರವು ಮೊದಲು ಬಂದು ಕಡೆಯಲ್ಲಿ ಮತ್ತೊಮ್ಮೆ ಬರುತ್ತದೆ, ನಮ್ಮ ಕಕಾರವು ಹನ್ನೆರಡನೆಯ ಸೂತ್ರದವರೆಗೂ ಕಾದಿರಬೇಕು ಎಂದು ವಿವರಿಸಿದೆ. ಸೂತ್ರಗಳನ್ನು ಸಂಕ್ಷೇಪಿಸುವುದಕ್ಕೆ ಅನುಕೂಲವಾಗುವಂತೆ ಆ ಜೋಡಣೆ ಎಂದೂ ತಿಳಿಸಿದೆ. ಆಗ ಮೂಲೆಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಮೇಷ್ಟರು, “ಹಾಗಾದ್ರೆ ಪಾಣಿನಿನೂ ಕೆಲಸಕ್ಕೆ ತಕ್ಕ ಹಾಗೆ ಅಕ್ಷರ ಜೋಡಿಸಿಕೊಂಡ್ರು ಅನ್ನಿ ಸರ್” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಯಾರೋ ಹಲಗೆಯ ಬಳಿಗೆ ಹೋಗಿ ಆ ಐದೇ ಅಕ್ಷರಗಳಿಂದ ಸರ, ದರ, ಅಗಸ, ಅರಸ, ಗರಗಸ ಎಂದು ಬರೆಯತೊಡಗಿದ್ದರು. ‘ದಸರ’ ಬಂದೊಡನೆ ಮೈಸೂರು ಜಿಲ್ಲೆಯವರಿಗೆ ಬೇರೆ ವಾದ ಬೇಕಾಗಲಿಲ್ಲ. ಕೊನೆಗೆ ನಾವೆಲ್ಲರೂ ಒಪ್ಪಿದ್ದು ಹೀಗೆ: ಓದು-ಬರಹವು ಕಾರ್ಡುಗಳ ಕ್ರಮದಲ್ಲಿಯೇ ನಡೆಯಲಿ, ಆದರೆ ಪ್ರತಿದಿನ ಬೆಳಗ್ಗೆ ಪ್ರಾರ್ಥನೆಯ ಬಳಿಕ ವರ್ಣಮಾಲೆಯನ್ನು ಎಲ್ಲ ಮಕ್ಕಳೂ ಬಾಯಲ್ಲಿ ಹೇಳಲಿ. ವರ್ಣಮಾಲೆಯು ಕಂಠಸ್ಥವಾಗಬೇಕೆಂಬ ನನ್ನ ಅಭಿಪ್ರಾಯವು ಇಂದಿಗೂ ಹಾಗೆಯೇ ಇದೆ. ಆದರೆ ಅದಕ್ಕೊಂದು ಸ್ಥಳ ದೊರಕಿದ್ದು ಸುತ್ತೋಲೆಯಿಂದಲ್ಲ.

ಅದೇ ಸಭೆಯ ಸಂಜೆಯ ಭಾಗದಲ್ಲಿ ನಡೆದದ್ದು ಇದಕ್ಕಿಂತ ಹೆಚ್ಚಿನದು. ಕಾಡಂಚಿನ ಶಾಲೆಯ ಒಬ್ಬ ಮೇಷ್ಟರು ಇಡೀ ದಿನ ಬಾಯಿ ತೆರೆದಿರಲಿಲ್ಲ. ಉಪಾಧ್ಯಾಯಿನಿಯು ಅವರನ್ನು ಎಲ್ಲರೆದುರಿಗೆ ಎಬ್ಬಿಸಿ ಕೇಳಲಿಲ್ಲ. ನಮ್ಮನ್ನು ಐದೈದು ಜನರ ಗುಂಪುಗಳಾಗಿ ವಿಂಗಡಿಸಿ, ಆತನಿದ್ದ ಗುಂಪಿನ ಪಕ್ಕದಲ್ಲಿ ಬಂದು ಕುಳಿತರು, ಅಷ್ಟೇ. ಅಲ್ಲಿ ಆತನು ಮೆಲ್ಲಗೆ, “ನಾನು ಮೊದಲನೇ ಕಾರ್ಡು ಕೊಡೋದೇ ಇಲ್ಲ. ಮಕ್ಕಳ ಹೆಸರಿನಿಂದಲೇ ಶುರು ಮಾಡ್ತೀನಿ. ಅವನ ಹೆಸರು ಅವನು ಗುರುತು ಹಿಡಿದ ಮೇಲೆ ಕಾರ್ಡು. ಸಾಹೇಬರಿಗೆ ಗೊತ್ತಾದರೆ ಬೈತಾರೆ ಅಂತ ಎಲ್ಲೂ ಹೇಳಿಲ್ಲ” ಎಂದರು. ಮೂವತ್ತು ವರ್ಷಗಳ ವೃತ್ತಿಯಲ್ಲಿ ನನಗೆ ಹೊಳೆಯದಿದ್ದ ಒಂದು ವಿಷಯವು ಆಗ ಹೊಳೆಯಿತು. ಅಧಿಕಾರವು ಎದುರಿಗಿದ್ದರೆ ಕೆಲಸಗಾರನು ತನ್ನ ದೋಷವನ್ನು ಮಾತ್ರವಲ್ಲ, ತನ್ನ ಜಾಣತನವನ್ನೂ ಮುಚ್ಚಿಡುತ್ತಾನೆ. ಇಡೀ ತಾಲ್ಲೂಕಿಗೆ ಉಪಯೋಗವಾಗಬಹುದಾದ ಉಪಾಯವೊಂದು ಆ ಕಾಡಂಚಿನ ಕೊಠಡಿಯಲ್ಲಿ ಅಪರಾಧದಂತೆ ಅಡಗಿತ್ತು.

ಮುಂದಿನ ತಿಂಗಳಿಗೆ ನಾಲ್ಕಾರು ಶಾಲೆಗಳವರು ಅದನ್ನು ಪ್ರಯೋಗಿಸಿ ಬಂದಿದ್ದರು. ರವಿ, ಸರಸ, ರಾಜ ಎಂಬ ಮಕ್ಕಳಿಗೆ ಸುಲಭವಾಯಿತು. ಲಕ್ಷ್ಮಿಗೂ ಕೃಷ್ಣನಿಗೂ ಅವರವರ ಹೆಸರೇ ಶತ್ರುವಾಯಿತು. ಒತ್ತಕ್ಷರದ ಹೆಸರಿನವರನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಆರಂಭಿಸೋಣವೆಂದು ಒಬ್ಬರು ಸೂಚಿಸಿದರು. ಮನೆಯ ಹೆಸರುಗಳಲ್ಲಿ ಪುಟ್ಟ, ಪುಟ್ಟಿ, ಅಪ್ಪು, ಚಿಕ್ಕಿ ಎಂದು ದ್ವಿತ್ವಗಳೇ ತುಂಬಿವೆಯೆಂದು ಇನ್ನೊಬ್ಬರು ತೋರಿಸಿದರು. ಈ ಸಣ್ಣ ಜಗಳದಲ್ಲಿ ನಾನು ಕನ್ನಡ ಅಕ್ಷರಗಳ ವಿಷಯವಾಗಿ ಕಲಿತಷ್ಟನ್ನು ಯಾವ ತರಬೇತಿಯ ಉಪನ್ಯಾಸದಲ್ಲಿಯೂ ಕಲಿಯಲಿಲ್ಲ.

ನ್ಯಾಯಶಾಸ್ತ್ರದಲ್ಲಿ ಮಾತುಕತೆಯನ್ನು ಮೂರು ವಿಧವಾಗಿ ಹೇಳಿದೆ: ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡೆ. ನಮ್ಮ ವಾಕ್ಯಾರ್ಥಸಭೆಗಳಲ್ಲಿ ಮಧ್ಯಸ್ಥನೆಂಬ ಒಬ್ಬ ಹಿರಿಯನಿರುತ್ತಾನೆ; ಯಾರ ಪಕ್ಷವು ನಿಂತಿತು, ಯಾರದು ಬಿದ್ದಿತು ಎಂದು ನಿರ್ಣಯಿಸುವುದು ಅವನ ಅಧಿಕಾರ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ, ಬೈಲಕುಪ್ಪೆಯ ಸೇರಾ ಮಠದ ಅಂಗಳದಲ್ಲಿ ಟಿಬೆಟ್ಟಿನ ಭಿಕ್ಷುಗಳು ಇಂದಿಗೂ ಹೀಗೆ ಚರ್ಚೆ ನಡೆಸುವುದನ್ನು ನೋಡಬಹುದು. ಉತ್ತರಿಸುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು, ಪ್ರಶ್ನೆಯ ಕೊನೆಗೆ ಚಪ್ಪಾಳೆ ಹೊಡೆದು ಕಾಲನ್ನು ಅಪ್ಪಳಿಸುತ್ತಾನೆ. ನೋಡುವುದಕ್ಕೆ ಜಗಳದಂತೆ ಕಂಡರೂ ಅದು ಅವರ ನಿತ್ಯದ ಅಭ್ಯಾಸ. ಶಾಸ್ತ್ರವಿದ್ಯೆಗೆ ಇದು ತಕ್ಕದ್ದೇ. ಆದರೆ ದಿನನಿತ್ಯದ ಕೆಲಸದ ವಿಷಯದಲ್ಲಿ ಗೆಲವು-ಸೋಲುಗಳು ಬಂದೊಡನೆ, ಕಾಡಂಚಿನ ಮೇಷ್ಟರಂಥವರು ಬಾಯಿ ಮುಚ್ಚಿಬಿಡುತ್ತಾರೆ. ಮಧ್ಯಸ್ಥನು ಕಡೆಯಲ್ಲಿ ತೀರ್ಪು ಹೇಳುತ್ತಾನೆ. ಸುಗಮಕಾರನು ತೀರ್ಪನ್ನು ನುಂಗಿಕೊಳ್ಳುತ್ತಾನೆ. ಗೊತ್ತಿದ್ದೂ ಹೇಳದಿರುವುದು ಮೇಷ್ಟರ ಜಾತಿಗೆ ಎಷ್ಟು ಕಷ್ಟವೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇಂಥ ಪ್ರಯತ್ನಗಳು ನಮ್ಮಲ್ಲಿ ಮಾತ್ರವೇ ನಡೆದುವೆಂದಲ್ಲ. ಕೊಲಂಬಿಯಾ ದೇಶದಲ್ಲಿ ೧೯೭೫ರಿಂದ ಬೆಳೆದ ‘ಹೊಸ ಶಾಲೆ’ಯ ಪದ್ಧತಿಯಲ್ಲಿಯೂ ಹಲವು ತರಗತಿಗಳ ಹಳ್ಳಿಶಾಲೆಗಳ ಉಪಾಧ್ಯಾಯರು ಸಣ್ಣ ಸಣ್ಣ ಕೂಟಗಳಲ್ಲಿ ಸೇರಿ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಜಪಾನಿನ ಕಾರ್ಖಾನೆಗಳಲ್ಲಿ ೧೯೬೨ರಲ್ಲಿ ಆರಂಭವಾದ ಗುಣಮಟ್ಟದ ಕೂಟಗಳಲ್ಲಿ ಯಂತ್ರದ ಮುಂದೆ ನಿಲ್ಲುವ ಕೆಲಸಗಾರರೇ ತಮ್ಮ ಕೆಲಸದ ಕುಂದುಗಳನ್ನು ಹುಡುಕಿ ಸರಿಪಡಿಸತೊಡಗಿದರು. ಅಷ್ಟು ದೂರವೇಕೆ? ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಸಲುವಾಗಿ ೧೯೬೮ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯವರು ೧೯೮೦ರ ದಶಕದಲ್ಲಿ ಹಳ್ಳಿಗಾಡಿನ ಬಡವರ ಸಣ್ಣ ಸಂಘಗಳನ್ನು ಬೆಳೆಸಿದರು. ೧೯೯೨ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ತೊಡಗಿತು. ಸಹಿ ಹಾಕಲಾರದ ಹೆಂಗಸರು ವಾರಕ್ಕೊಮ್ಮೆ ದುಂಡಗೆ ಕುಳಿತು ಬಡ್ಡಿಯ ಲೆಕ್ಕವನ್ನು ಬಾಯಲ್ಲಿಯೇ ಮಾಡುವುದನ್ನು ನಾನು ಹಳ್ಳಿಯ ಜಗಲಿಗಳಲ್ಲಿ ನೋಡಿದ್ದೇನೆ. ಅವರಿಗೆ ಲೆಕ್ಕವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪಿದರೆ ಹಣವು ತಮ್ಮದೇ ಹೋಗುತ್ತದೆಂಬುದೇ ಅವರಿಗೆ ಗುರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ನಾನು ಕಂಡ ಇನ್ನೊಂದು ಸುತ್ತಿನಲ್ಲಿ ಸಮಾಲೋಚನಾ ಸಭೆಯೆಂದರೆ ಸುತ್ತೋಲೆಗಳ ಪಾರಾಯಣ. ಬೆಳಗ್ಗೆ ಅಂಕಿ-ಅಂಶಗಳನ್ನು ಒಪ್ಪಿಸುವುದು, ಮಧ್ಯಾಹ್ನ ಊಟದ ತರುವಾಯ ಸಹಿಮಾಡಿ ಬಸ್ಸಿಗೆ ಓಡುವುದು. ಜಮಖಾನವೂ ಇತ್ತು, ದುಂಡಗಿನ ಕೂಟವೂ ಇತ್ತು. ನಡುವೆ ಇಡುವುದಕ್ಕೆ ಕೆಲಸವೇ ಇರಲಿಲ್ಲ. ಮತ್ತೊಂದು ಬಗೆಯ ಸುಗಮಕಾರನನ್ನೂ ಕಂಡಿದ್ದೇನೆ. ಅವನಿಗೆ ವಿಷಯವೇ ತಿಳಿಯದು. ಪ್ರತಿಯೊಂದಕ್ಕೂ “ನೀವೇ ಹೇಳಿ, ನೀವೇ ಹೇಳಿ” ಎನ್ನುತ್ತಾನೆ. ಹೇಳಿದುದನ್ನೆಲ್ಲ ಬಣ್ಣದ ಕಾಗದಗಳ ಮೇಲೆ ಬರೆಯಿಸಿ ಗೋಡೆಗೆ ಅಂಟಿಸಿ, ಚಪ್ಪಾಳೆ ಹೊಡೆಸಿ ಕಳುಹಿಸುತ್ತಾನೆ. ಭಿನ್ನರಾಶಿಯನ್ನು ತಿಳಿಯದ ಹತ್ತು ಮಂದಿ ಎಷ್ಟು ಹೊತ್ತು ಸಮಾಲೋಚಿಸಿದರೂ ಭಿನ್ನರಾಶಿ ಬರುವುದಿಲ್ಲ. ಮೂರನೆಯ ಪಾದವು ಮೊದಲನೆಯದರ ಸ್ಥಾನಕ್ಕೆ ಬರಲಾರದು. ಕೋಟೆಯ ಉಪಾಧ್ಯಾಯಿನಿಯು ಉತ್ತರವನ್ನು ನುಂಗಿಕೊಳ್ಳುತ್ತಿದ್ದರೆಂದರೆ, ನುಂಗಿಕೊಳ್ಳುವುದಕ್ಕೆ ಅವರಲ್ಲಿ ಬೇಕಾದಷ್ಟು ಇತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ೧೯೯೫ರ ಮೇಷ್ಟರುಗಳು ಕಾರ್ಡುಗಳನ್ನು ತಾವೇ ಮಾಡಿದವರು. ಯಾವ ಚಿತ್ರವನ್ನು ಏತಕ್ಕೆ ಹಾಕಿದೆವು, ಯಾವುದನ್ನು ಏತಕ್ಕೆ ತೆಗೆದೆವು ಎಂಬುದು ಅವರಿಗೆ ಗೊತ್ತು. ರಾಜ್ಯದ ಸಾವಿರಾರು ಶಾಲೆಗಳಿಗೆ ಒಮ್ಮೆಗೇ ಹಂಚಬೇಕಾದಾಗ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ಬರದೆ ಬೇರೆ ಮಾರ್ಗವಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ಏಣಿಯನ್ನು ಕಳುಹಿಸಬಹುದು, ಮೈಲಿಗಲ್ಲುಗಳನ್ನು ಕಳುಹಿಸಬಹುದು. ಕಾರ್ಡುಗಳನ್ನು ಮಾಡುವಾಗ ನಡೆದ ಜಗಳವನ್ನು ಕಳುಹಿಸುವುದು ಹೇಗೆ?

ನಿವೃತ್ತನಾದ ಮೇಲೆ ನಾನು ಹುಣಸೂರಿನಲ್ಲಿ ನೆಲೆಸಿದ್ದೇನೆ. ಕೃಷ್ಣರಾಜನಗರದ ಕಡೆಯ ಕೆಲವು ಯುವ ಉಪಾಧ್ಯಾಯರು ಯಾರ ಆದೇಶವೂ ಇಲ್ಲದೆ, ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ ಒಬ್ಬರ ಶಾಲೆಯಲ್ಲಿ ಸೇರುತ್ತಾರೆ. ೨೦೨೦ರ ಮಾರ್ಚಿನಿಂದ ೨೦೨೧ರ ಅಕ್ಟೋಬರಿನವರೆಗೆ ಚಿಕ್ಕ ಮಕ್ಕಳ ತರಗತಿಗಳು ಮುಚ್ಚಿದ್ದವಷ್ಟೆ. ಆ ನಷ್ಟವನ್ನು ತುಂಬುವುದಕ್ಕಾಗಿ ೨೦೨೨-೨೩ರಲ್ಲಿ ಸರ್ಕಾರವು ‘ಕಲಿಕಾ ಚೇತರಿಕೆ’ಯನ್ನು ನಡೆಸಿತು. ಇವರ ಕೂಟವು ಆ ವರ್ಷ ಆರಂಭವಾದದ್ದು, ಇನ್ನೂ ನಿಂತಿಲ್ಲ. ಹೋದ ಸಲ ನಡುವೆ ಇಟ್ಟಿದ್ದು ಒಬ್ಬ ಹುಡುಗಿಯ ಲೆಕ್ಕದ ಪುಸ್ತಕ. ೫೨ರಲ್ಲಿ ೨೭ನ್ನು ಕಳೆದು ೩೫ ಎಂದು ಬರೆದಿದ್ದಳು. ಅವರು ಇಟ್ಟುಕೊಂಡಿರುವ ನಿಯಮವೇನೆಂದರೆ, ಮಗುವು ಹೀಗೆ ಬರೆಯುವಾಗ ಏನನ್ನು ಯೋಚಿಸಿರಬಹುದೆಂದು ಪ್ರತಿಯೊಬ್ಬರೂ ಹೇಳುವವರೆಗೆ ಯಾರೂ ಪರಿಹಾರವನ್ನು ಹೇಳಕೂಡದು. “ಎರಡರಲ್ಲಿ ಏಳು ಹೋಗಲ್ಲ, ಏಳರಲ್ಲಿ ಎರಡು ಹೋಗುತ್ತೆ ಅಂದುಕೊಂಡಿದ್ದಾಳೆ” ಎಂದರೊಬ್ಬರು. “ದೊಡ್ಡದರಲ್ಲಿ ಚಿಕ್ಕದನ್ನು ಕಳೀಬೇಕು ಅಂತ ಹೇಳಿಕೊಟ್ಟವರು ನಾವೇ ಅಲ್ಲವಾ?” ಎಂದರು ಇನ್ನೊಬ್ಬರು. ಅದರ ಮೇಲೆ ಮುಕ್ಕಾಲು ಗಂಟೆ ಮಾತು ನಡೆಯಿತು. ಕಡ್ಡಿಯ ಕಟ್ಟುಗಳನ್ನು ಬಿಚ್ಚಿ ತೋರಿಸಬೇಕೆಂಬವರೂ, ಹತ್ತು ರೂಪಾಯಿಯ ನೋಟಿಗೆ ಚಿಲ್ಲರೆ ಮಾಡಿಸಬೇಕೆಂಬವರೂ ಎರಡು ಪಕ್ಷವಾದರು. ಎರಡನ್ನೂ ಎರಡು ಶಾಲೆಗಳಲ್ಲಿ ಪರೀಕ್ಷಿಸಿ ಬರುವುದೆಂದು ನಿಶ್ಚಯವಾಗಿದೆ.

ಮುಂದಿನ ಶನಿವಾರದ ಕೂಟಕ್ಕೆ ಸಾಲಿಗ್ರಾಮದ ಕಡೆಯ ಒಬ್ಬ ಉಪಾಧ್ಯಾಯಿನಿ ತಮ್ಮ ಮಕ್ಕಳ ಪುಸ್ತಕಗಳನ್ನು ತರುತ್ತಾರೆ. ನನಗೂ ಕರೆ ಬಂದಿದೆ. ಜಮಖಾನದ ಅಂಚಿನಲ್ಲಿ ಸ್ಥಳ. ಮಾತನಾಡುವುದಕ್ಕೆ ಅಪ್ಪಣೆಯಿರುವುದು ಕಡೆಯ ಹತ್ತು ನಿಮಿಷ.